ಬಾಡಿಗೆ ಕೊಡದ ಪ್ಯಾಸೆಂಜರ್: ಪಿಕಪ್‌ಗೆ ಸಿಎನ್‌ಜಿ ಕಿಟ್ ಹಾಕಿಸೋ ಮುಂಚೆ ಇದನ್ನು ಕೇಳಿ

ನಮಸ್ಕಾರ ನಮಸ್ಕಾರ. ಇವತ್ತು ಗಾಡಿಯಲ್ಲೇ ಕೂತು ರೆಕಾರ್ಡ್ ಮಾಡುತ್ತಿದ್ದೇನೆ, ಹಾರ್ನ್ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಎಲ್ಲಿದ್ದೇನೆ ಅಂದರೆ, ಗ್ಯಾಸ್ ಬಂಕಿನ ಸಾಲಿನಲ್ಲಿ. ಬಂಕಿನ ಒಳಗಲ್ಲ, ಗೇಟಿನಿಂದ ಬಹಳ ಆಚೆ, ರಸ್ತೆಯಲ್ಲಿ. ಫೋನ್ ಯಾಕೆ ಹಿಡಿದಿದ್ದೀರಿ ಅಂತ ಕಾಮೆಂಟ್ ಹಾಕೋರು ಸ್ವಲ್ಪ ತಡೆದುಕೊಳ್ಳಿ. ಮುಂದೆ 14 ಆಟೊ, 3 ಕಾರು, ಒಂದು ಸ್ಕೂಲ್ ವ್ಯಾನ್. ಟೈಮ್ ಬೇಕಾದಷ್ಟಿದೆ ನನಗೆ.

ವಿಷಯ ಏನಪ್ಪಾ ಅಂದರೆ, ಹೋದ ವಿಡಿಯೊ ಕೆಳಗೆ ಒಬ್ಬ ಪುಣ್ಯಾತ್ಮ ಬರೆದಿದ್ದಾನೆ: "ಅಣ್ಣಾ, ಪಿಕಪ್‌ಗೆ ಸಿಎನ್‌ಜಿ ಹಾಕಿಸಿದೋನು ರಾಜ. ನಿಮಗೆ ಲೆಕ್ಕ ಬರಲ್ಲ ಬಿಡಿ." ಲೆಕ್ಕ ಬರಲ್ವಂತೆ. ನನಗೆ! ಕೋಲಾರದ ಟೊಮೆಟೊ ಮಂಡಿಯಲ್ಲಿ ಬೆಳಗಾಗೋದರೊಳಗೆ ಹತ್ತು ಜನ ರೈತರ ಬಾಕ್ಸನ್ನು ಒಂದೇ ಗಾಡಿಗೆ ಹೊಂದಿಸಿ, ಯಾರದು ಎಷ್ಟು ಅಂತ ಬಾಯಲ್ಲೇ ಹೇಳೋನಿಗೆ ಲೆಕ್ಕ ಬರಲ್ಲ.

ಸರಿ, ಲೆಕ್ಕವೇ ಮಾಡೋಣ. ಪೆಟ್ರೋಲ್ ಗಾಡಿ ಗ್ಯಾಸಲ್ಲೂ ಓಡೋ ಹಾಗೆ ಮಾಡೋ ಈ ಕಿಟ್ ಹಾಕಿಸದೆ ನಾನು ಮಾತಾಡುತ್ತಿಲ್ಲ. ನನ್ನ ಪೆಟ್ರೋಲ್ ಪಿಕಪ್‌ಗೆ ಹಾಕಿಸಿಯೇ ಇದ್ದೇನೆ. ಕಿಟ್ ಅಂಗಡಿಯವರು, ಹೆಸರು ಬೇಡ, ಟೀ ಕುಡಿಸಿ ಹೇಳಿದ್ದು ಒಂದೇ ಮಾತು: "ತೂಕ ಗೊತ್ತೇ ಆಗಲ್ಲ ಅಣ್ಣ." ನನಗೆ ಅಭ್ಯಾಸ ಕೆಟ್ಟದ್ದು, ಏನೇ ಮಾಡಿಸಿದರೂ ವೇ ಬ್ರಿಡ್ಜ್ ಹತ್ತಿಸುತ್ತೇನೆ. ಕಿಟ್‌ಗೆ ಮುಂಚಿನ ಚೀಟಿ ಇಲ್ಲಿದೆ ನೋಡಿ, ಟೊಮೆಟೊ ರಸ ಆಗಿದೆ, ಆದರೂ ಓದಬಹುದು: 870 ಕೆಜಿ, ನಾನೂ ಸೇರಿ. ಕಿಟ್ ಆದಮೇಲೆ, ಗ್ಯಾಸ್ ತುಂಬಿಸಿ ಹತ್ತಿಸಿದ್ದು: 960. ನಾನು ದಪ್ಪ ಆಗಿಲ್ಲ ಸ್ವಾಮಿ. 90 ಕೆಜಿ! 60 ಲೀಟರಿನ ಕಬ್ಬಿಣದ ಸಿಲಿಂಡರ್, ಅದನ್ನು ಹಿಡಿಯೋ ಫ್ರೇಮು, ಪೈಪು, ಗ್ಯಾಸಿನ ಪ್ರೆಶರ್ ಇಳಿಸೋ ರೆಡ್ಯೂಸರು, ಒಳಗಿನ ಗ್ಯಾಸು, ಎಲ್ಲ ಸೇರಿ ಒಬ್ಬ ಗಟ್ಟಿ ಆಳು. ಹಗಲೂ ರಾತ್ರಿ ನನ್ನ ಜೊತೆ ಬರುತ್ತಾನೆ, ಇಳಿಯೋದೇ ಇಲ್ಲ. ನಾನು ಅವನಿಗೆ ಹೆಸರಿಟ್ಟಿದ್ದೇನೆ: ಬಾಡಿಗೆ ಕೊಡದ ಪ್ಯಾಸೆಂಜರ್.

ಇದೇ ನನ್ನ ಪಾಯಿಂಟ್. ಇಡೀ ವಿಡಿಯೊ ಇಷ್ಟೇ. ಅರ್ಜೆಂಟ್ ಇರೋರು ಲೈಕ್ ಒತ್ತಿ ಹೋಗಬಹುದು.

ಉಳಿದವರಿಗೆ ಬಿಡಿಸಿ ಹೇಳುತ್ತೇನೆ. ಕಾರಿಗೆ ಕಿಟ್ ಹಾಕಿದರೆ ಡಿಕ್ಕಿ ಹೋಗುತ್ತದೆ, ಅಷ್ಟೇ. ಊರಿಗೆ ಹೋಗುವಾಗ ಬ್ಯಾಗ್ ತೊಡೆ ಮೇಲೆ ಇಟ್ಟುಕೊಂಡರಾಯಿತು. ಪಿಕಪ್ ಹಾಗಲ್ಲ. ಪಿಕಪ್‌ನಲ್ಲಿ ಜಾಗವೇ ಬಂಡವಾಳ, ತೂಕವೇ ವ್ಯಾಪಾರ. ಆರ್‌ಸಿಯಲ್ಲಿ ಗಾಡಿ ಮತ್ತು ಲೋಡ್ ಸೇರಿ ಒಟ್ಟು ಇಷ್ಟು ತೂಕ ಅಂತ ಬರೆದಿರುತ್ತದಲ್ಲ, ಕಿಟ್ ಹಾಕಿಸಿದ ಖುಷಿಗೆ ಆ ನಂಬರನ್ನು ಯಾರೂ ಜಾಸ್ತಿ ಮಾಡಿಕೊಡಲ್ಲ. ಖಾಲಿ ಗಾಡಿ ತೂಕ ಏರಿದರೆ ಲೋಡ್ ಇಳಿಯಲೇಬೇಕು. ಒಂದು ಬಾಕ್ಸ್ ಟೊಮೆಟೊ 15 ಕೆಜಿ, ಖಾಲಿ ಕ್ರೇಟ್ ಸೇರಿದರೆ 16, 17. ಆ ಮಹಾನುಭಾವ ಒಬ್ಬನೇ 5 ಬಾಕ್ಸ್ ಜಾಗದಲ್ಲಿ ಕೂತಿದ್ದಾನೆ. ಪ್ರತಿ ಟ್ರಿಪ್ಪಿಗೆ.

ನನ್ನ ಮಾತು ಬೇಡ ಅಂದರೆ ಕಂಪನಿ ಮಾತು ಕೇಳಿ. ಮಾರುತಿ ಸೂಪರ್ ಕ್ಯಾರಿ, ಪೆಟ್ರೋಲ್ ಗಾಡಿಗೆ ಅವರೇ ಕೊಟ್ಟ ಪೇಲೋಡ್, ಅಂದರೆ ಹೊರಬಹುದಾದ ಲೋಡ್, 740 ಕೆಜಿ, ಸಿಎನ್‌ಜಿ ಗಾಡಿಗೆ 625. ಫ್ಯಾಕ್ಟರಿಯಲ್ಲೇ ಕೂಡಿಸಿದ ಗಾಡಿ ಅದು, ಅದರಲ್ಲೇ 115 ಕೆಜಿ ವ್ಯತ್ಯಾಸ. ಅವರು ಪೇಪರಿನಲ್ಲಿ ಒಪ್ಪಿಕೊಂಡಿದ್ದಾರೆ, ಕಿಟ್ ಅಂಗಡಿಯವರು ಟೀ ಕುಡಿಸಿ ಮರೆಸುತ್ತಾರೆ.

"ಯಾರಣ್ಣ ಅಷ್ಟು ಕರೆಕ್ಟಾಗಿ ಲೋಡ್ ಹಾಕೋದು, ಎಲ್ಲರೂ ಓವರ್‌ಲೋಡೇ" ಅಂತ ಒಬ್ಬರು. ಆ ವಿಷಯ ಈ ಚಾನೆಲ್‌ನಲ್ಲಿ ಮಾತಾಡಲ್ಲ. ಆರ್‌ಟಿಒ ಕಡೆಯೋರೂ ನಮ್ಮ ಸಬ್‌ಸ್ಕ್ರೈಬರ್ಸ್ ಇರಬಹುದು. ನಮಸ್ಕಾರ ಸರ್.

ಆಂ, ಮುಂದಿನ ಆಟೊ ಎರಡಡಿ ಹೋಯಿತು. ಒಂದು ನಿಮಿಷ. ಸ್ಟಾರ್ಟ್ ಮಾಡಲ್ಲ, ತಳ್ಳುತ್ತೇನೆ.

ಬಂದೆ. ಇನ್ನೊಬ್ಬರ ಕಾಮೆಂಟ್: "ಡೆಲ್ಲಿಯಲ್ಲಿ ಬಸ್ಸನ್ನೆಲ್ಲಾ ಸಿಎನ್‌ಜಿ ಮಾಡಿದರಲ್ಲ, ಅವರೇನು ದಡ್ಡರಾ?" ಅಲ್ಲಪ್ಪಾ, ಅದು 1998ರಲ್ಲಿ ಸುಪ್ರೀಂ ಕೋರ್ಟ್ ಆರ್ಡರ್ ಮಾಡಿ ಮಾಡಿಸಿದ್ದು, ಹೊಗೆ ಕುಡಿದು ಜನ ಕೆಮ್ಮುತ್ತಿದ್ದರು ಅಂತ. ಒಳ್ಳೇದೇ ಆಯಿತು. ಆದರೆ ಬಸ್ಸಿಗೆ ನಾಲ್ಕು ಸಿಲಿಂಡರ್ ಕಟ್ಟಿದರೂ ಆನೆ ಮೇಲೆ ಗುಬ್ಬಿ ಕೂತ ಹಾಗೆ. ನನ್ನದು ಆನೆನಾ? ಟಾಟಾ ಏಸ್ ಗಾಡಿಗೆ ಛೋಟಾ ಹಾಥಿ, ಅಂದರೆ ಪುಟ್ಟ ಆನೆ, ಅಂತ ಹೆಸರು ಬಂದಿರಬಹುದು, ಹೆಸರು ಹಾಥಿ ಅಂದ ಮಾತ್ರಕ್ಕೆ ಬೆನ್ನು ಆನೆಯದಾಗಲ್ಲ.

ಇನ್ನೊಬ್ಬ ಇದ್ದಾನೆ, ಡೀಸೆಲ್ ಪಿಕಪ್‌ಗೂ ಕಿಟ್ ಹಾಕೋ ಹುಡುಗ ಗೊತ್ತು ಅಂತ ನಂಬರ್ ಬೇರೆ ಹಾಕಿದ್ದ. ಡಿಲೀಟ್ ಮಾಡಿದ್ದೇನೆ. ಡೀಸೆಲ್ ಇಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ ತಮ್ಮಾ. ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಿ, ಆ ಬಿಸಿಗೇ ಡೀಸೆಲ್ ಹತ್ತಿಕೊಳ್ಳೋದು. ಸಿಎನ್‌ಜಿ ಹಾಗೆಲ್ಲ ಸುಲಭಕ್ಕೆ ಹತ್ತಲ್ಲ, ಅದಕ್ಕೆ 540 ಡಿಗ್ರಿ ಹತ್ತಿರ ಬಿಸಿ ಬೇಕು, ಇಲ್ಲ ಕಿಡಿ ಬೇಕು. 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ನೋಟಿಫಿಕೇಶನ್ ಬಂತಲ್ಲ, ಅದರಲ್ಲೂ ಇರೋದು ಇಷ್ಟೇ: ಬಿಎಸ್6, ಅಂದರೆ ಹೊಸ ಹೊಗೆ ನಿಯಮದ, ಪೆಟ್ರೋಲ್ ಗಾಡಿಗೆ ಕಿಟ್ ಹಾಕಬಹುದು, 3.5 ಟನ್ ಒಳಗಿನ ಡೀಸೆಲ್ ಗಾಡಿಯಾದರೆ ಇಂಜಿನ್ನನ್ನೇ ಗ್ಯಾಸ್ ಇಂಜಿನ್‌ಗೆ ಬದಲಾಯಿಸಬಹುದು. ಮದುವೆಯಲ್ಲಿ ಹುಡುಗಿ ಸೀರೆ ಬದಲಾಯಿಸೋದು ಬೇರೆ, ಹುಡುಗಿಯನ್ನೇ ಬದಲಾಯಿಸೋದು ಬೇರೆ. ಈ ಜೋಕ್ ಬೇಡ ಅಂದಿದ್ದಳು ನಮ್ಮ ಮನೆಯವಳು, ಬಂದುಬಿಟ್ಟಿತು.

ಬ್ಲಾಸ್ಟ್ ಆಗುತ್ತೆ ಅಂತ ಹೆದರಿಸೋರ ಜೊತೆಯೂ ನಾನಿಲ್ಲ. ಸಿಎನ್‌ಜಿ ಗಾಳಿಗಿಂತ ಹಗುರ, ಲೀಕ್ ಆದರೆ ಮೇಲಕ್ಕೆ ಹೋಗುತ್ತದೆ, ಎಲ್‌ಪಿಜಿ ಥರ ನೆಲದಲ್ಲಿ ಕೂರಲ್ಲ. ಸರ್ಟಿಫಿಕೇಟ್ ಇರೋ ಸಿಲಿಂಡರ್ ಹಾಕಿಸಿ, ಆರ್‌ಸಿಯಲ್ಲಿ ಎಂಟ್ರಿ ಮಾಡಿಸಿ, ಇನ್ಶೂರೆನ್ಸ್‌ನವರಿಗೆ ತಿಳಿಸಿ, ಭಯ ಬೇಡ. ನನ್ನ ತಕರಾರು ಪ್ಯಾಸೆಂಜರ್ ಮೇಲೆ.

ಅವನ ಸೇವೆ ಏನು ಕಡಿಮೆನಾ? 3 ವರ್ಷಕ್ಕೊಮ್ಮೆ ಹೈಡ್ರೊ ಟೆಸ್ಟ್. ಸಿಲಿಂಡರ್ ಬಿಚ್ಚಿ, ನೀರು ತುಂಬಿಸಿ, ಪ್ರೆಶರ್ ಕೊಟ್ಟು ನೋಡುತ್ತಾರೆ. ಮಾಡಿಸಲೇಬೇಕು, ಟೆಸ್ಟ್ ಡೇಟ್ ಬರೆದಿರೋ ಪ್ಲೇಟ್ ಮೇಲೆ ಡೇಟ್ ಮುಗಿದಿದ್ದರೆ ಬಂಕಿನ ಹುಡುಗ ಪೈಪ್ ಹಾಕಲ್ಲ, ಹಾಕಲೂಬಾರದು. ಆದರೆ ಯೋಚನೆ ಮಾಡಿ, ನನಗೆ ಬಿಪಿ ನೋಡಿಸಿಕೊಂಡು ಐದು ವರ್ಷವಾಯಿತು, ಇವನಿಗೆ ತಪ್ಪದೆ ಮಾಸ್ಟರ್ ಚೆಕಪ್. ಬಾಡಿಗೆ ಮಾತ್ರ ಕೊಡಲ್ಲ!

ಕೂರೋದಾದರೂ ಎಲ್ಲಿ? ಕ್ಯಾಬಿನ್ ಹಿಂದೆ ಅಡ್ಡಡ್ಡ ಮಲಗಿದ್ದಾನೆ. ಕ್ರೇಟ್ ಕೆಳಗಿನ ಸಾಲು ಅಲ್ಲಿ ಇಡೋಕಾಗಲ್ಲ. ಮೇಲೆ ಹಲಗೆ ಹಾಕಿ ಜೋಡಿಸಿದರೆ ಹಮಾಲಿ ಬೈಯುತ್ತಾನೆ. ಕ್ರೇಟ್ ಅಂಚು ಪೈಪಿಗೆ ತಾಗದಿರಲಿ ಅಂತ ಹಳೇ ಟ್ಯೂಬ್ ಕತ್ತರಿಸಿ ಸುತ್ತಿದ್ದೇನೆ, ಗೋಣಿಚೀಲ ತುರುಕಿದ್ದೇನೆ, ಬಾಣಂತಿ ಥರ ಬೆಚ್ಚಗಿಟ್ಟಿದ್ದೇನೆ. ಅಂದಹಾಗೆ ಗೋಣಿಚೀಲ, ಹಗ್ಗ, ಟಾರ್ಪಾಲ್ ಬೇಕಾದರೆ ಮಂಡಿ ಹತ್ತಿರ ನಮ್ಮ ಭಾಮೈದನ ಅಂಗಡಿ ಇದೆ, ಚಾನೆಲ್ ನೋಡಿ ಬಂದೆ ಅಂದರೆ ಡಿಸ್ಕೌಂಟ್ ಕೊಡುತ್ತಾನೆ. ನನಗೆ ಇನ್ನೂ ಕೊಟ್ಟಿಲ್ಲ, ನಿಮಗೆ ಕೊಡಬಹುದು.

"ಮಂಡಕ್ಕಿ, ಹೂವು, ಬ್ರೆಡ್ ಸಾಗಿಸೋರಿಗೆ ತೂಕದ ಪ್ರಶ್ನೆಯೇ ಬರಲ್ಲ" ಅಂತ ಬರೆದಿದ್ದಾರೆ ಒಬ್ಬ ಮೇಷ್ಟ್ರು. ಸರಿ ಸರ್. ಮಂಡಕ್ಕಿಯವರು ಹಾಕಿಸಿಕೊಳ್ಳಲಿ, ರಾಜರ ಥರ ಓಡಾಡಲಿ. ಮಂಡಕ್ಕಿ ವಿಷಯಕ್ಕೆ ಬೇರೆ ಚಾನೆಲ್ ನೋಡಿ.

ಈಗ ಗ್ಯಾಸಿನ ಕಥೆ. 200 ಬಾರ್ ಪ್ರೆಶರ್‌ನಲ್ಲಿ 60 ಲೀಟರ್ ಸಿಲಿಂಡರಿಗೆ ಹತ್ತು ಕೆಜಿ ಹತ್ತಿರ ಹಿಡಿಯಬೇಕು. ನನಗೆ 7 ಸಿಕ್ಕರೆ ಪುಣ್ಯ. ಬಿಸಿಲಲ್ಲಿ ತುಂಬಿಸಿದರೆ ಮುಳ್ಳು 200 ತೋರಿಸುತ್ತದೆ, ಗಾಡಿ ನೆರಳಿಗೆ ಹಾಕಿ ಊಟ ಮಾಡಿ ಬರೋದರೊಳಗೆ 170. ಯಾರೂ ಕದ್ದಿಲ್ಲ, ಗ್ಯಾಸ್ ತಣ್ಣಗಾಗಿದೆ ಅಷ್ಟೇ. ಇನ್ನು ಪೈಪ್‌ಲೈನ್ ಇಲ್ಲದ ಬಂಕಿಗೆ ಗ್ಯಾಸ್ ಬರೋದು ಲಾರಿ ಮೇಲೆ, ಸಿಲಿಂಡರ್ ಗೊಂಚಲಿನಲ್ಲಿ. ಆ ಲಾರಿ ಖಾಲಿ ಆಗುತ್ತಾ ಬಂದ ಹಾಗೆ "ಪ್ರೆಶರ್ ಇಲ್ಲ ಅಣ್ಣ" ಅನ್ನೋ ಮಾತು ಶುರು. ಹರಾಜಿನ ಟೈಮಿಗೆ ಮಂಡಿ ಮುಟ್ಟದಿದ್ದರೆ ರೈತ ಯಾರಿಗೆ ಬೈಯಬೇಕು, ಪ್ರೆಶರಿಗಾ?

ಇನ್ನೊಂದು. ಅಂತರಗಂಗೆ ಬೆಟ್ಟದ ಮೇಲಿನ ಹಳ್ಳಿಗೆ ಹತ್ತುವಾಗ ಗ್ಯಾಸಲ್ಲಿ ಎಳೆಯೋ ಶಕ್ತಿ ಕಡಿಮೆ, ಸೆಕೆಂಡ್ ಗೇರಲ್ಲಿ ನರಳುತ್ತದೆ, ಪೆಟ್ರೋಲ್ ಸ್ವಿಚ್ ಒತ್ತಲೇಬೇಕು. ಪಿಕಪ್‌ಗೇ ಪಿಕಪ್ ಇಲ್ಲ! ಆಗ ನೋಡಿ ಮಜಾ. ಪೆಟ್ರೋಲ್ ಸುಟ್ಟು ಗ್ಯಾಸ್ ಸಿಲಿಂಡರನ್ನು ಬೆಟ್ಟ ಹತ್ತಿಸುತ್ತಿದ್ದೇನೆ. ಬಾಡಿಗೆ ಕೊಡದ ಪ್ಯಾಸೆಂಜರಿಗೆ ಬೆಟ್ಟದ ದರ್ಶನ ಬೇರೆ.

"ಅದೆಲ್ಲ ಇರಲಿ ಅಣ್ಣ, ಗ್ಯಾಸಲ್ಲಿ ದಿನಕ್ಕೆ ಉಳಿಯೋ ದುಡ್ಡು 5 ಬಾಕ್ಸ್ ಬಾಡಿಗೆಗಿಂತ ಜಾಸ್ತಿ ಅಲ್ವಾ?" ಯಾರೋ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಮಾಡಿ. ಕೆಲವು ದಿನ ಜಾಸ್ತಿ ಇರಬಹುದು. ಒಂದು ಕೆಜಿ ಗ್ಯಾಸು ಒಂದು ಲೀಟರ್ ಪೆಟ್ರೋಲಿಗಿಂತ ದೂರ ಹೋಗುತ್ತದೆ, ಒಪ್ಪಿದೆ. ಆದರೆ ಇದು ದುಡ್ಡಿನ ಮಾತಲ್ಲ. ಅಂದರೆ, ದುಡ್ಡಿನ ಮಾತೇ, ಆದರೆ ಆ ದುಡ್ಡಲ್ಲ. ನನ್ನ ಗಾಡಿ, ನನ್ನ ಇಎಂಐ, ಅವನು ಯಾರ್ರೀ ನಡುವೆ ಕಾಲು ಚಾಚಿ ಮಲಗೋಕೆ? ಬಸ್ಸಲ್ಲಿ ಹಾಗೆ ಮಲಗಿದರೆ ಕಂಡಕ್ಟರ್ ಬಿಡುತ್ತಾನಾ?

"ಹಾಗಾದರೆ ಕಿಟ್ ಬಿಚ್ಚಿಸಿ." ಬಿಚ್ಚಿಸುತ್ತೇನೆ! ಈ ಸೀಸನ್ ಮುಗಿಯಲಿ. ಮತ್ತೆ ಆರ್‌ಸಿ ತಿದ್ದಿಸಬೇಕು, ಅದಕ್ಕೂ ಟೈಮ್ ಬೇಕು. ಮೊನ್ನೆಯಷ್ಟೇ ಗ್ಯಾಸ್ ಫಿಲ್ಟರ್ ಬೇರೆ ಹೊಸದು ಹಾಕಿಸಿದ್ದೇನೆ.

ಸ್ಕೂಲ್ ವ್ಯಾನ್ ಹೋಯಿತು. ಇನ್ನು 6 ಆಟೊ. ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ, ಮುಂದಿನ ವಾರ ಹಿಂದಿನ ಟೈರ್‌ಗೆ ಎಷ್ಟು ಗಾಳಿ ಅನ್ನೋದರ ಬಗ್ಗೆ ವಿಡಿಯೊ, ಅದರಲ್ಲೂ ಕೋಪ ಇದೆ. ತಡೀರಿ, ಫೋನ್ ಬರುತ್ತಿದೆ.

ಹಲೋ, ಹೇಳಿ ಗೌಡ್ರೇ. ಹೂಂ, ಸಂಜೆ ಬರ್ತೀನಿ. ಎಷ್ಟು ಬಾಕ್ಸು? 45ಆ? 40 ಹಾಕ್ತೀನಿ ಗೌಡ್ರೇ, ಅದಕ್ಕಿಂತ ಹಿಡಿಸಲ್ಲ. ಇಲ್ಲ ಇಲ್ಲ, ಬೇರೆ ಲೋಡ್ ಏನೂ ಒಪ್ಕೊಂಡಿಲ್ಲ. ಇಲ್ಲೊಬ್ಬ ಇದ್ದಾನೆ ಗಾಡಿಲಿ.