ಹನ್ನೊಂದು ಸಾಮಾನು, ಒಂದು ಕಿವಿ

ನಮಸ್ಕಾರ. ಹುಬ್ಬಳ್ಳಿಯಿಂದ ಮಾತಾಡುತ್ತಿದ್ದೇನೆ. ಇವತ್ತು ಒಂದು ಸಣ್ಣ ಡಬ್ಬಿಯ ಬಗ್ಗೆ ಮಾತು.

ಮೊನ್ನೆ ಭಾನುವಾರ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗಿದ್ದೆ. ಸಪ್ತಾಪುರದಲ್ಲಿ ಗೆಳೆಯನ ಮನೆ. ನಾವು ಐದು ಜನ ಗಿಟಾರ್ ನುಡಿಸುವವರು ಒಂದು ಟೇಬಲ್ ಸುತ್ತ ನಿಂತಿದ್ದೆವು. ಟೇಬಲ್ ಮೇಲೆ ಅಲ್ಯುಮಿನಿಯಂ ಡಬ್ಬಿ. ಊಟದ ಡಬ್ಬಿಗಿಂತ ಚಿಕ್ಕದು. ಎರಡು ನಾಬ್, ಕಾಲಲ್ಲಿ ಒತ್ತುವ ಒಂದು ಸ್ವಿಚ್. ಕೈಯಲ್ಲೇ ಬಳಿದ ನೀಲಿ ಬಣ್ಣ. ಹಿಂದಿನ ಮುಚ್ಚಳ ಬಿಚ್ಚಿದರೆ ಒಳಗೆ ಮಾಡಿದವರ ಸಹಿ, ಕೆಳಗೆ ತಾರೀಖು. ಇನ್ನೂ ಯಾರೂ ನುಡಿಸಿರಲಿಲ್ಲ. ಆದರೂ ಎಲ್ಲರ ಮುಖದಲ್ಲಿ ಕೂಸು ನೋಡಲು ಬಂದವರ ಕಳೆ ಇತ್ತು.

ಅದು ಕೈಯಲ್ಲಿ ಮಾಡಿದ ಫಜ್ ಪೆಡಲ್. ಗಿಟಾರಿಗೂ ದನಿ ದೊಡ್ಡದು ಮಾಡುವ ಆಂಪ್‌ಗೂ ನಡುವೆ ಕೂರುತ್ತದೆ. ತಂತಿಯ ದನಿಯನ್ನು ಒಡೆದು, ಒರಟು ಮಾಡಿ, ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ ಗುಂಯ್‌ಗುಡಿಸಿ ಮುಂದೆ ಕಳಿಸುತ್ತದೆ.

ಗೆಳೆಯನ ತಾಯಿ, ನಾವೆಲ್ಲ ಕಾಕು ಅನ್ನುವವರು, ಚಹಾ ತಂದರು. ಬೆಲೆ ಕೇಳಿದರು. ಅವನು ಮೆಲ್ಲಗೆ ಹೇಳಿದ. ಅವರು ತಾಟು ಹಿಡಿದುಕೊಂಡೇ ನಿಂತರು. "ಇದಕ್ಕ 24 ಸಾವಿರಾ? ಅಷ್ಟರಾಗ ಒಂದು ಫ್ರಿಜ್ ಬರ್ತಿತ್ತಲ್ಲೋ!"

ಕಾಕು ಕೇಳಿದ್ದು ನ್ಯಾಯವಾದ ಪ್ರಶ್ನೆ. ಅವತ್ತು ನಾವು ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ. ಇವತ್ತು ಕೊಡುತ್ತೇನೆ.

ಒಳಗೆ ಏನಿದೆ ಅಂತ ಮೊದಲು ನೋಡಿ. ಎರಡು ಟ್ರಾನ್ಸಿಸ್ಟರ್, ಅಂದರೆ ಸಣ್ಣ ಕರೆಂಟನ್ನು ದೊಡ್ಡದು ಮಾಡುವ ಸಾಮಾನು. ನಾಲ್ಕು ರೆಸಿಸ್ಟರ್. ಮೂರು ಕೆಪಾಸಿಟರ್. ಎರಡು ಪಾಟ್, ಅಂದರೆ ನಾವು ತಿರುಗಿಸುವ ನಾಬಿನ ಕೆಳಗಿರುವ ಸಾಮಾನು. ಒಟ್ಟು 11. ಸ್ವಿಚ್ಚು, ಜ್ಯಾಕು, ಬ್ಯಾಟರಿ ಬಿಟ್ಟರೆ ಇಷ್ಟೇ. ಇದು ಫಜ್ ಫೇಸ್ ಅನ್ನುವ ಹಳೆಯ ಪೆಡಲಿನ ನಕ್ಷೆ. 1966ರಲ್ಲಿ ಲಂಡನ್ನಿನ ಆರ್ಬಿಟರ್ ಕಂಪನಿ ತಂದದ್ದು. ಮೈಕ್ ಸ್ಟ್ಯಾಂಡಿನ ಬುಡದ ಹಾಗೆ ದುಂಡಗಿನ ಡಬ್ಬಿ. ಅಮೆರಿಕದ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕಾಲಡಿ ಇದ್ದದ್ದು ಅದೇ. ಇವತ್ತು ಕೈಯಲ್ಲಿ ಫಜ್ ಮಾಡುವ ಎಷ್ಟೋ ಜನ ಈ ನಕ್ಷೆಯಿಂದಲೇ ಶುರು ಮಾಡುತ್ತಾರೆ. ನಕ್ಷೆ ಗುಟ್ಟೇನೂ ಅಲ್ಲ. ಫೋನಿನಲ್ಲಿ ಹುಡುಕಿದರೆ ಎರಡು ನಿಮಿಷಕ್ಕೆ ಸಿಗುತ್ತದೆ.

ಹಾಗಾದರೆ ದುಡ್ಡು ಯಾತಕ್ಕೆ? ಆ ಎರಡು ಟ್ರಾನ್ಸಿಸ್ಟರ್ ಆರಿಸಿದ ಕಿವಿಗೆ. ನಾನು ಹೇಳಬೇಕಾದ ಮಾತು ಇದೊಂದೇ. ಉಳಿದದ್ದೆಲ್ಲ ಇದರ ಬೆನ್ನಿಗೆ ಬರುತ್ತದೆ.

ಹಳೆಯ ಫಜ್‌ಗಳಲ್ಲಿ ಇರುವುದು ಜರ್ಮೇನಿಯಂ ಟ್ರಾನ್ಸಿಸ್ಟರ್. ಈಗ ಎಲ್ಲ ಕಡೆ ಇರುವುದು ಸಿಲಿಕಾನ್. ಜರ್ಮೇನಿಯಂ ಸಾಮಾನಿನ ಗುಣ ಏನಪ್ಪಾ ಅಂದರೆ, ಒಂದೇ ನಂಬರ್ ಅಚ್ಚಾಗಿದ್ದರೂ ಒಂದರ ಹಾಗೆ ಇನ್ನೊಂದು ಇರುವುದಿಲ್ಲ. ಒಂದರ ಗೇನ್, ಅಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಲೆಕ್ಕ, 60 ಇದ್ದರೆ ಪಕ್ಕದ್ದು 140. ಒಂದು ಸುಮ್ಮನೆ ಕೂತಿರುತ್ತದೆ, ಇನ್ನೊಂದು ಒಳಗೊಳಗೇ ಕರೆಂಟ್ ಸೋರಿಸುತ್ತದೆ. ಫಜ್ ಚೆನ್ನಾಗಿ ಹಾಡಬೇಕಾದರೆ ಮೊದಲನೆಯದು ಸುಮಾರು 70-80, ಎರಡನೆಯದು ಸುಮಾರು 110-130 ಇದ್ದರೆ ಒಳ್ಳೆಯದು ಅಂತ ಮಾಡುವವರ ಲೆಕ್ಕ. ಅಂಥ ಜೋಡಿ ಸಿಗಬೇಕಾದರೆ ರಾಶಿ ಸುರಿದುಕೊಂಡು ಒಂದೊಂದೇ ಅಳೆಯಬೇಕು. ಅಳೆದ ಮೇಲೆ ಸರ್ಕ್ಯೂಟಿಗೆ ಹಾಕಿ ನುಡಿಸಿ ಕೇಳಬೇಕು. ಮೀಟರ್ ಒಪ್ಪಿದ್ದನ್ನು ಎಷ್ಟೋ ಸಲ ಕಿವಿ ಒಪ್ಪುವುದಿಲ್ಲ.

ಇದನ್ನು ನಾನು ಓದಿ ಕಲಿತದ್ದಲ್ಲ. ಹುಬ್ಬಳ್ಳಿಯ ದುರ್ಗದ ಬೈಲಿನಿಂದ ಸ್ವಲ್ಪ ಒಳಗೆ, ಒಂದು ಕಾಲಕ್ಕೆ ಬರೀ ರೇಡಿಯೋ ರಿಪೇರಿ ಮಾಡುತ್ತಿದ್ದ ಒಂದು ಅಂಗಡಿ ಇತ್ತು. ಅಲ್ಲಿ ಒಬ್ಬ ಕಾಕಾ. ಹಳೆಯ ಬಿಸ್ಕೀಟ್ ಡಬ್ಬಿಯ ತುಂಬ ಬಿಚ್ಚಿದ ಟ್ರಾನ್ಸಿಸ್ಟರ್ ಇಟ್ಟಿದ್ದರು. ಕೆದಕಿದಾಗ ಎಸಿ128 ಅನ್ನುವವು ಸಿಕ್ಕವು. ಮೇಲೆ ಬಿಇಎಲ್ ಅಂತ ಅಚ್ಚು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಂಪನಿಯದೇ! ಬಿಇಎಲ್ 1962ರಲ್ಲೇ ಜರ್ಮೇನಿಯಂ ಸಾಮಾನು ಮಾಡಲು ಶುರು ಮಾಡಿತ್ತು. ನಮ್ಮ ಅಜ್ಜಂದಿರು ಧಾರವಾಡ ಆಕಾಶವಾಣಿ ಕೇಳುತ್ತಿದ್ದ ಸೆಟ್ಟುಗಳ ಹೊಟ್ಟೆಯಲ್ಲಿ ಇದ್ದದ್ದು ಇಂಥವೇ. ಇದೇ ಎಸಿ128 ನಂಬರನ್ನು ಹೊರದೇಶದ ಫಜ್ ಮಾಡುವವರು ಇವತ್ತೂ ಹುಡುಕಿ ಕೊಳ್ಳುತ್ತಾರೆ.

ಕಾಕಾ ಮಲ್ಟಿಮೀಟರಿಗೆ ಒಂದನ್ನು ಸಿಕ್ಕಿಸಿ, "ನೋಡು" ಅಂದರು. ಮೀಟರಿನಲ್ಲಿ ಒಂದು ಅಂಕಿ ನಿಂತಿತ್ತು. ಆಮೇಲೆ ಟ್ರಾನ್ಸಿಸ್ಟರಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದರು. ಒತ್ತಲಿಲ್ಲ, ಸುಮ್ನೆ ಹಿಡಿದರು ಅಷ್ಟೇ. ಅಂಕಿ ಏರತೊಡಗಿತು. ನಿಧಾನವಾಗಿ, ಒಂದೊಂದಾಗಿ. ಬೆರಳು ಬಿಟ್ಟರು. ಮತ್ತೆ ಇಳಿಯಿತು. ಮನುಷ್ಯನ ಮೈ ಬಿಸಿಗೇ ಅದು ಅಷ್ಟು ಅಲುಗಿತ್ತು.

"ಕೈ ಹಚ್ಚಬ್ಯಾಡ ತಮ್ಮಾ, ಅಳಿಯೂ ಮುಂದ ಹತ್ತು ನಿಮಿಷ ಬಿಟ್ಟುಬಿಡು. ಬಿಸಿಗೆ ಅಂಜೂ ಜಾತಿ ಇದು," ಅಂದರು. ಫಜ್ ಅನ್ನುವ ಪದವನ್ನೇ ಕೇಳದ ಮನುಷ್ಯ. ಆದರೆ ನನಗೆ ಫಜ್ ಬಗ್ಗೆ ಅವರಷ್ಟು ಕಲಿಸಿದವರು ಇನ್ನೊಬ್ಬರಿಲ್ಲ.

ಬಿಸಿಗೆ ಅಂಜುವುದು ಅಂದರೆ ಏನು ಅಂತ ಆಮೇಲೆ ಗದಗಿನಲ್ಲಿ ಗೊತ್ತಾಯಿತು. ಏಪ್ರಿಲ್ ತಿಂಗಳು. ತಗಡಿನ ಚಪ್ಪರದ ಕೆಳಗೆ ವೇದಿಕೆ. ಮಧ್ಯಾಹ್ನ ನಾಲ್ಕಕ್ಕೆ ಸೌಂಡ್ ಚೆಕ್. ನನ್ನ ಜರ್ಮೇನಿಯಂ ಫಜ್ ಪೆಡಲ್ ಇಡುವ ಕಪ್ಪು ಹಲಗೆಯ ಮೇಲೆ ಬಿಸಿಲಿಗೆ ಕೂತಿತ್ತು. ಒತ್ತಿದೆ. ಹಿಂದಿನ ರಾತ್ರಿ ಬೆಣ್ಣೆಯ ಹಾಗೆ ಬಂದ ದನಿ ಪಟ್ ಪಟ್ ಅಂತ ಹರಿದು ಬಂತು. ಸ್ವರ ಹಿಡಿದರೆ ನಿಲ್ಲುತ್ತಿಲ್ಲ, ಅರ್ಧಕ್ಕೇ ಕತ್ತರಿಸುತ್ತಿದೆ. ಮೊದಲು ಬ್ಯಾಟರಿ ಬದಲಿಸಿದೆ. ಕೇಬಲ್ ಬದಲಿಸಿದೆ. ಕಾಕಾನ ಬೆರಳು ನೆನಪಾದದ್ದು ಆಮೇಲೆ. ವೇದಿಕೆ ಹಿಂದೆ ಕುಡಿಯುವ ನೀರಿನ ಹರವಿ ಇತ್ತು. ಅದರ ನೆರಳಿನಲ್ಲಿ, ಒದ್ದೆ ತಗಲದಷ್ಟು ದೂರದಲ್ಲಿ ಪೆಡಲ್ ಇಟ್ಟೆ. ಅರ್ಧ ಗಂಟೆ ಆದ ಮೇಲೆ ತಂದು ಒತ್ತಿದೆ. ದನಿ ಮರಳಿ ಬಂದಿತ್ತು.

ಕಾರಣ ಸರಳ. ಜರ್ಮೇನಿಯಂನಲ್ಲಿ ಸೋರುವ ಕರೆಂಟ್ ಪ್ರತಿ 10 ಡಿಗ್ರಿಗೆ ಹೆಚ್ಚುಕಡಿಮೆ ಎರಡು ಪಟ್ಟು ಆಗುತ್ತದೆ. 9 ವೋಲ್ಟ್ ಬ್ಯಾಟರಿಯ ಅರ್ಧದ ಹತ್ತಿರ, ಸುಮಾರು ನಾಲ್ಕೂವರೆ ವೋಲ್ಟಿನಲ್ಲಿ ಕೂರಬೇಕಾದ ಎರಡನೇ ಟ್ರಾನ್ಸಿಸ್ಟರ್ ತನ್ನ ಜಾಗ ಬಿಟ್ಟು ಸರಿಯುತ್ತದೆ. ಲಂಡನ್ನಿನ ಚಳಿಯಲ್ಲಿ ಕೂರಿಸಿದ ಲೆಕ್ಕ ನಮ್ಮ 38 ಡಿಗ್ರಿ ಬಿಸಿಲಿಗೆ ಹೇಗೆ ಒಗ್ಗಬೇಕು? ಹಾಗಾಗಿ ನಮ್ಮ ಕಡೆಯವರು ಜರ್ಮೇನಿಯಂ ಕೊಳ್ಳುವಾಗ ಬಯಾಸ್, ಅಂದರೆ ಟ್ರಾನ್ಸಿಸ್ಟರ್ ಕೂರುವ ಆ ವೋಲ್ಟ್, ತಿರುಗಿಸುವ ನಾಬ್ ಇದೆಯಾ ಅಂತ ಕೇಳಲೇಬೇಕು. ಅಮೆರಿಕದ ಅನಲಾಗ್ ಮ್ಯಾನ್‌ನವರು ತಮ್ಮ ಸನ್ ಫೇಸ್ ಪೆಡಲಿಗೆ ಇದಕ್ಕಾಗಿಯೇ ಸನ್‌ಡಯಲ್ ಅನ್ನುವ ಸಣ್ಣ ನಾಬ್ ಕೊಡುತ್ತಾರೆ. ಬೇಸಿಗೆಯಲ್ಲಿ ಬಯಲಿನಲ್ಲೇ ಜಾಸ್ತಿ ನುಡಿಸುವವರು ಸಿಲಿಕಾನ್ ಫಜ್ ತಗೊಳ್ಳಿ. ಆರ್ಬಿಟರ್‌ನವರೇ ಆಮೇಲೆ ಬಿ.ಸಿ. 108 ಅನ್ನುವ ನಂಬರಿನ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿದರು. ದನಿ ಸ್ವಲ್ಪ ಚೂಪು, ಆದರೆ ಬಿಸಿಲಿಗೆ ಜಗ್ಗುವುದಿಲ್ಲ.

ಇನ್ನು ಈ ದನಿ ಹುಟ್ಟಿದ ಕತೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಮಾರ್ಟಿ ರಾಬಿನ್ಸ್ ಹಾಡಿನ ರೆಕಾರ್ಡಿಂಗ್. ಗ್ರೇಡಿ ಮಾರ್ಟಿನ್ ಬೇಸ್ ಗಿಟಾರ್ ನುಡಿಸುವಾಗ ಮಿಕ್ಸರಿನ ಒಂದು ಚಾನೆಲ್ ಕೆಟ್ಟಿತ್ತು. ದನಿ ಒಡೆದು ಬಂತು. ಅವರು ಅದನ್ನು ಅಳಿಸಲಿಲ್ಲ, ಹಾಗೇ ಇಟ್ಟರು. 1961ರಲ್ಲಿ ಹಾಡು ಹೊರಬಂತು. ಜನ ಆ ದನಿ ಬೇಕು ಅಂದರು. ಎಂಜಿನಿಯರ್ ಗ್ಲೆನ್ ಸ್ನಾಡಿ ಅದೇ ದನಿ ಕೊಡುವ ಸರ್ಕ್ಯೂಟ್ ಮಾಡಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೋ ಫಜ್ ಟೋನ್ ಅಂತ ಮಾರುಕಟ್ಟೆಗೆ ತಂತು. 1965ರಲ್ಲಿ ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್ ಕೈಗೆ ಸಿಕ್ಕ ಮೇಲೆ ಎಲ್ಲರ ಬಾಯಲ್ಲೂ ಅದೇ ಮಾತು.

ಕೆಟ್ಟಿತು ಅನ್ನುವ ದನಿಯಲ್ಲಿ ಏನೋ ಇದೆ ಅಂತ ಕೇಳಿಸಿಕೊಳ್ಳುವುದು ನಮ್ಮೂರಿಗೆ ಹೊಸದಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ದನಿ ಗಂಟಲಿನ ಚಿಕಿತ್ಸೆಯ ನಂತರ ದಪ್ಪವಾಯಿತು, ಒರಟಾಯಿತು. ಅವರು ಅದನ್ನು ಮುಚ್ಚಿಡಲು ಹೋಗಲಿಲ್ಲ. ಆ ದನಿಯಲ್ಲೇ ಷಡ್ಜ ಹಚ್ಚಿ ಕೂತರು. ಮೊದಲ ಸಲ ಕೇಳಿದವರು ಗಂಡಸಿನ ದನಿ ಅಂದುಕೊಂಡರೂ ಸರಿ, ಎರಡು ನಿಮಿಷ ಕಳೆದ ಮೇಲೆ ಬೇರೆ ದನಿ ಬೇಡ ಅನಿಸುತ್ತದೆ.

ಇನ್ನೂ ಹತ್ತಿರದ್ದು ತಂಬೂರಿ. ತಂಬೂರಿಯ ತಂತಿ ಕುದುರೆಯ, ಅಂದರೆ ತಂತಿ ಹೊರುವ ಪುಟ್ಟ ಸೇತುವೆಯ ಮೇಲೆ ನೇರ ಕೂರುವುದಿಲ್ಲ. ಕುದುರೆಯ ಮೈ ಸ್ವಲ್ಪ ಬಾಗಿರುತ್ತದೆ. ಮೀಟಿದಾಗ ತಂತಿ ಆ ಬಾಗಿಗೆ ಮತ್ತೆ ಮತ್ತೆ ತಾಗಿ ಝೇಂಕರಿಸುತ್ತದೆ. ತಂತಿಯ ಕೆಳಗೆ ಒಂದು ನೂಲಿನ ಎಳೆ. ಅದನ್ನು ಕೂದಲಿನಷ್ಟು ಸರಿಸಿದರೆ ಝೇಂಕಾರ ತೆರೆದುಕೊಳ್ಳುತ್ತದೆ, ಇನ್ನೊಂದು ಕೂದಲು ಸರಿಸಿದರೆ ಮುಚ್ಚಿಹೋಗುತ್ತದೆ. ಆ ಝೇಂಕಾರಕ್ಕೆ ಜವಾರಿ ಅನ್ನುತ್ತಾರೆ. ಕುದುರೆಯನ್ನು ಉಜ್ಜಿ ಉಜ್ಜಿ ಜವಾರಿ ಕೂರಿಸುವ ಕುಶಲಿಗರು ಮಿರಜಿನಲ್ಲಿದ್ದಾರೆ. ನಮ್ಮ ಕಡೆಯ ಎಷ್ಟೋ ಗವಾಯಿಗಳು ತಂಬೂರಿ ತರುವುದು ಅಲ್ಲಿಂದಲೇ. ಅಲ್ಲಿ ಮರಕ್ಕೆ, ಸೋರೆ ಬುರುಡೆಗೆ ಮಾತ್ರ ದುಡ್ಡು ಕೊಟ್ಟೆ ಅಂತ ಯಾರಾದರೂ ಹೇಳುತ್ತಾರಾ? ಜವಾರಿ ಹಚ್ಚಿದ ಕೈಗೆ ಕೊಟ್ಟೆ ಅನ್ನುತ್ತಾರೆ ಅಲ್ವಾ?

ಫಜ್ ಮಾಡುವುದು ಅದನ್ನೇ ಅಂತ ಹೇಳುತ್ತಿಲ್ಲ. ತಂಬೂರಿಯಲ್ಲಿ ತಂತಿ ಮರಕ್ಕೋ ಮೂಳೆಗೋ ತಾಗಿ ಮೇಲಿನ ಸ್ವರಗಳು ಏಳುತ್ತವೆ. ಫಜ್‌ನಲ್ಲಿ ಟ್ರಾನ್ಸಿಸ್ಟರ್ ಅಲೆಯ ತುದಿಗಳನ್ನು ಕತ್ತರಿಸಿ ಚಪ್ಪಟೆ ಮಾಡುತ್ತದೆ, ಅದರಿಂದ ಮೇಲಿನ ಸ್ವರಗಳು ಏಳುತ್ತವೆ. ದಾರಿ ಬೇರೆ. ಆದರೆ ಆರಿಸುವ, ಸರಿಸುವ, ಕೇಳುವ ಕೆಲಸ ಒಂದೇ. ನಮ್ಮ ಭಾಷೆಯಲ್ಲಿ ಜವಾರಿ ಅಂದರೆ ನಾಟಿ ಅಂತಲೂ ಅರ್ಥ. ಜವಾರಿ ಕೋಳಿ, ಜವಾರಿ ಬದನೆಕಾಯಿ. ಒಂದೇ ಅಳತೆಯಲ್ಲಿ ಬರದ್ದು, ಒಂದೊಂದಕ್ಕೂ ತನ್ನದೇ ರುಚಿ ಇರುವುದು. ಜರ್ಮೇನಿಯಂಗೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆದಿಲ್ಲ.

ಈಗ ನನಗೆ ಬೇಜಾರು ತರಿಸುವ ಮಾತಿಗೆ ಬರುತ್ತೇನೆ. ಕೆಲವರು ಪೆಡಲಿನೊಳಗೆ ಕಪ್ಪು ಅಂಟು ಸುರಿದು ಸರ್ಕ್ಯೂಟ್ ಮುಚ್ಚುತ್ತಾರೆ. ಟ್ರಾನ್ಸಿಸ್ಟರಿನ ನಂಬರ್ ಕೆರೆದು ಅಳಿಸುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. 60 ವರ್ಷದ ಹಿಂದಿನ ನಕ್ಷೆ ಅದು. ಅವರದಲ್ಲ, ನಮ್ಮದೂ ಅಲ್ಲ. ನಾಳೆ ಒಂದು ಕೆಪಾಸಿಟರ್ ಹೋದರೆ ಇಲ್ಲಿ ಯಾರು ರಿಪೇರಿ ಮಾಡಬೇಕು? ಕಿವಿ ಚೆನ್ನಾಗಿದ್ದವರಿಗೆ ಮುಚ್ಚಿಡುವ ಗರಜೇ ಇಲ್ಲ.

ಇನ್ನೊಂದು, ಕೊಂಡು ಕಪಾಟಿನಲ್ಲಿ ಇಡುವವರು. ಮಾಡಿದವರು 20 ಡಬ್ಬಿ ಮಾಡಿರುತ್ತಾರೆ. ಅದರಲ್ಲಿ ಅರ್ಧ ಸುತ್ತಿದ ಕಾಗದ ಬಿಚ್ಚದೆ ಎರಡು ಪಟ್ಟು ಬೆಲೆಗೆ ಮಾರಾಟಕ್ಕೆ ಕೂರುತ್ತವೆ. ಆ ಹೆಚ್ಚಿನ ದುಡ್ಡು ಆರಿಸಿದ ಕಿವಿಗೆ ಹೋಗುವುದಿಲ್ಲ. ಅಂಥದ್ದಕ್ಕೆ ನಾನು ಕೊಡುವುದಿಲ್ಲ, ನೀವೂ ಕೊಡಬೇಡಿ.

ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಫಜ್ ಪೆಡಲನ್ನು ಗಿಟಾರಿಗೆ ನೇರ ಸಿಕ್ಕಿಸಿ, ನಡುವೆ ಬೇರೆ ಪೆಡಲ್ ಬೇಡ. ಫಜ್ ನಾಬ್ ಪೂರ್ತಿ ತಿರುಗಿಸಿ. ಈಗ ಪೆಡಲ್ ಮುಟ್ಟದೆ ಗಿಟಾರಿನ ವಾಲ್ಯೂಮ್ ನಾಬನ್ನು 10ರಿಂದ 7ಕ್ಕೆ ಇಳಿಸಿ. ಆಮೇಲೆ 5ಕ್ಕೆ. ಒಳ್ಳೆಯ ಜರ್ಮೇನಿಯಂ ಫಜ್ ಆದರೆ ಗುಂಯ್ ಅನ್ನುವುದು ಮೆಲ್ಲಗೆ ಸರಿದು, ತಿಳಿನೀರಿನಂಥ ದನಿ ಹೊರಬರುತ್ತದೆ. ಗಂಟೆಯ ಹಾಗೆ ಹೊಳೆಯುತ್ತದೆ. ಫಜ್ ಒಳಗೆ ಗಿಟಾರಿನ ಪಿಕಪ್ಪೂ, ಅಂದರೆ ತಂತಿಯ ಅಲುಗಾಟವನ್ನು ಕರೆಂಟ್ ಮಾಡುವ ಸಾಮಾನೂ ಸರ್ಕ್ಯೂಟಿನ ಒಂದು ಭಾಗ ಆಗಿರುತ್ತದೆ, ಅದಕ್ಕೇ ಹೀಗೆ. ಬೆರಳು ಮೆಲ್ಲಗೆ ಮೀಟಿದರೆ ಒಂದು ದನಿ, ಜೋರಾಗಿ ಮೀಟಿದರೆ ಇನ್ನೊಂದು. ಹೀಗೆ ಆಗದೆ ಬರೀ ಸದ್ದು ಕಡಿಮೆಯಾದರೆ ಅದಕ್ಕೆ 24 ಸಾವಿರ ಬೇಡ.

ಸಪ್ತಾಪುರದಲ್ಲಿ ಅವತ್ತು ನಾವು ಇದನ್ನೇ ಮಾಡಿದೆವು. ವಾಲ್ಯೂಮ್ 5ಕ್ಕೆ ಇಳಿಸಿದಾಗ ಅಡುಗೆಮನೆಯಿಂದ ಕಾಕು ಮತ್ತೆ ಬಂದರು. ಬಾಗಿಲಲ್ಲಿ ನಿಂತು ಕೇಳಿದರು. "ಈಗ ಛಲೋ ಅನಸ್ತದ ನೋಡ," ಅಂದರು. ಬೆಲೆ ಬಗ್ಗೆ ಮತ್ತೆ ಮಾತೆತ್ತಲಿಲ್ಲ, ಒಪ್ಪಿದರು ಅಂತಲೂ ಹೇಳಲಾರೆ.

ನಮ್ಮ ಹುಡುಗರಿಗೆ ಒಂದು ಮಾತು. ಹುಬ್ಬಳ್ಳಿ-ಧಾರವಾಡದಲ್ಲಿ ಎಲೆಕ್ಟ್ರಾನಿಕ್ಸ್ ಓದುವವರು ಎಷ್ಟು ಜನ ಇದ್ದೀರಿ! ಗಿಟಾರ್ ಹಿಡಿದವರೂ ನಿಮ್ಮಲ್ಲಿ ಬೇಕಾದಷ್ಟು. 11 ಸಾಮಾನು, ಒಂದು ಸೋಲ್ಡರಿಂಗ್ ಐರನ್, ಒಂದು ಮಲ್ಟಿಮೀಟರ್ ಸಾಕು. ಹಳೆಯ ರೇಡಿಯೋ ಗುಜರಿಗೆ ಹಾಕುವ ಮುಂಚೆ ಒಮ್ಮೆ ಬಿಚ್ಚಿ ನೋಡಿ. ಮೊದಲನೆಯದು ಕಿರುಚುತ್ತದೆ, ಎರಡನೆಯದು ಗೊಗ್ಗರು ಬರುತ್ತದೆ. ಐದನೆಯದರ ಹೊತ್ತಿಗೆ ನಿಮ್ಮ ಕಿವಿ ಮೀಟರಿಗಿಂತ ಮುಂಚೆ ಹೇಳತೊಡಗುತ್ತದೆ. ಆಗ ನಿಮ್ಮ ಹೆಸರು ಬರೆದು ಮಾರಿ. ಬೆಲೆ ನಾಚಿಕೆ ಇಲ್ಲದೆ ಹೇಳಿ. ಮೊದಲ ಗಿರಾಕಿ ನಾನು.

ನಾನು ಕೂರಿಸಿದ ಫಜ್ ಇಲ್ಲಿದೆ. ಕಾಕಾನ ಡಬ್ಬಿಯ ಎರಡು ಎಸಿ128. ಒಂದರ ಗೇನ್ 74, ಇನ್ನೊಂದರದು 118. ಸಂಜೆ ಅಡ್ಡಮಳೆ ಬಂದು ಹೋಗಿದೆ, ರೂಮು ತಂಪಾಗಿದೆ. ಹೆಡ್‌ಫೋನ್ ಇದ್ದವರು ಹಾಕಿಕೊಳ್ಳಿ. ಮೊದಲು ಗಿಟಾರಿನ ವಾಲ್ಯೂಮ್ 5ರಲ್ಲಿ ನುಡಿಸುತ್ತೇನೆ, ಆಮೇಲೆ 10ಕ್ಕೆ ಒಯ್ಯುತ್ತೇನೆ. ಕೇಳಿ.