ಹಳೇ ವೈಸ್ ಕೊಳ್ಳೋ ಮೊದ್ಲು ಅದರ ಅಡಿ ನೋಡಿ

ಎಲ್ರಿಗೂ ನಮಸ್ಕಾರ. ಟೇಬಲ್ ಮೇಲೆ ಟವೆಲ್ ಹೊದ್ದು ಕೂತಿರೋದು ಬಿಸಿಬೇಳೆ ಬಾತ್ ಪಾತ್ರೆ ಅಲ್ಲ, ಆಗ್ಲೇ ಇಬ್ರು ಬಂದು ಇಣುಕಿ ನೋಡಿ ಹೋದ್ರು. ಅದು ವೈಸ್, ಕೆಲ್ಸ ಮಾಡುವಾಗ ಕಬ್ಬಿಣದ ತುಂಡನ್ನ ಅಲುಗಾಡದ ಹಾಗೆ ಕಚ್ಚಿ ಹಿಡಿಯೋ ಸಾಧನ. ಐವತ್ತು ಪೌಂಡ್ ಆಸುಪಾಸು ಇದೆ, ಪಾರ್ಕಿಂಗ್ ಲಾಟಿಂದ ಇಲ್ಲಿಗೆ ತರೋಷ್ಟ್ರಲ್ಲಿ ಸೊಂಟ ಒಂದ್ಸಲ ಲಟಕ್ ಅಂತು, ಅದಕ್ಕೇ ಇವತ್ತು ನಾನು ನಿಂತೇ ಮಾತಾಡ್ತೀನಿ, ಕೂತ್ರೆ ಏಳೋಕಾಗಲ್ಲ.

ಕನ್ನಡ ಕೂಟದಲ್ಲಿ ಸಾಮಾನ್ಯವಾಗಿ ಮುದ್ದಣನ ಬಗ್ಗೆ ಮಾತಾಡ್ತಾರೆ, ಇಲ್ಲಾ ರಿಟೈರ್ಮೆಂಟ್ ಪ್ಲಾನಿಂಗ್ ಬಗ್ಗೆ. ವೈಸ್ ಬಗ್ಗೆ ಮಾತಾಡ್ತೀನಿ ಅಂದಾಗ ಕಮಿಟಿಯವ್ರು "ಯಾವ ವೈಸ್ ಪ್ರೆಸಿಡೆಂಟ್ ಬಗ್ಗೆ ಸಾರ್" ಅಂದ್ರು. ಅದಲ್ಲ. ಐಟಿಐ ಓದಿದೋರಿಗೆ ಗೊತ್ತಿರುತ್ತೆ, ಫಿಟ್ಟರ್ ಟ್ರೇಡಲ್ಲಿ ಮೊದಲ್ನೇ ತಿಂಗಳು ಪೂರ್ತಿ ಅದರ ಮುಂದೆ ನಿಂತು ಅರ ಹಾಕೋದೇ ಕೆಲ್ಸ. ಬೆಂಚಿಗೆ ಬೋಲ್ಟ್ ಹಾಕಿ ಕೂರಿಸಿರ್ತಾರೆ, ಒಂದು ಅಲುಗಾಡದ ದವಡೆ, ಅಂದ್ರೆ ಫಿಕ್ಸೆಡ್ ಜಾ, ಒಂದು ಜಾರೋ ದವಡೆ, ಅಂದ್ರೆ ಮೂವಬಲ್ ಜಾ, ಮಧ್ಯ ದಪ್ಪ ಸ್ಕ್ರೂ ಥರದ ಸ್ಪಿಂಡಲ್, ಅದು ಒಳಗಡೆ ಬಾಕ್ಸ್ ನಟ್‌ನಲ್ಲಿ ತಿರುಗುತ್ತೆ, ಹ್ಯಾಂಡಲ್ ತಿರುವಿದ್ರೆ ಕಚ್ಚುತ್ತೆ. ಅಷ್ಟೇ. ಇಷ್ಟು ಸಿಂಪಲ್ ವಸ್ತುಗೆ ನಾನು ಹದಿನಾರು ವರ್ಷದಿಂದ ಶನಿವಾರ ಬೆಳಗ್ಗೆ ನಿದ್ದೆ ಕೆಡಿಸಿಕೊಂಡು, ಮನೆ ಖಾಲಿ ಮಾಡುವಾಗ ಇರೋ ಸಾಮಾನೆಲ್ಲ ಮಾರ್ತಾರಲ್ಲ, ಆ ಎಸ್ಟೇಟ್ ಸೇಲ್ ಸುತ್ತುತಾ ಇದೀನಿ ಅಂದ್ರೆ ನಮ್ಮನೇಲೇ ಯಾರೂ ಒಪ್ಪಲ್ಲ.

ನಮ್ಮಪ್ಪ ಭದ್ರಾವತಿ ಕಬ್ಬಿಣದ ಕಾರ್ಖಾನೇಲಿ ಫೌಂಡ್ರಿ ಕಡೆ ಇದ್ರು. 1923ರಲ್ಲಿ ಶುರುವಾದ ಕಾರ್ಖಾನೆ ಅದು, ನಮ್ಮೂರ ಕಡೆ ಯಾರನ್ನ ಕೇಳಿದ್ರೂ ಒಬ್ಬ ಚಿಕ್ಕಪ್ಪನೋ ಮಾವನೋ ಅಲ್ಲಿದ್ದೋರೇ. ಅಪ್ಪನಿಗೆ ಎರಕದ ಯಾವ ವಸ್ತು ಕೈಗೆ ಸಿಕ್ರೂ ಒಂದೇ ಅಭ್ಯಾಸ, ಸಣ್ಣ ಸುತ್ತಿಗೆ ತಗೊಂಡು ಟಣ್ ಅಂತ ಬಡಿದು ಕಿವಿ ಕೊಡೋದು. ಅಮ್ಮ ಸಂತೆಯಿಂದ ಹೊಸ ದೋಸೆ ಕಾವಲಿ ತಂದ್ರೂ ಹಂಗೇ. ಬಿರುಕಿದ್ರೆ ಸದ್ದು ಒಡೆದು ಬರುತ್ತೆ, ಮಡಕೆ ಥರಾನೇ. ಆ ವಿಷಯಕ್ಕೆ ಆಮೇಲೆ ಬರ್ತೀನಿ, ಆ ಸದ್ದು ಕೇಳದೇ ನಾನು ಒಂದ್ಸಲ ದುಡ್ಡು ಕಳ್ಕೊಂಡಿದೀನಿ.

ಈಗ ಟವೆಲ್ ತೆಗೀತೀನಿ. ನೋಡಿ, ಗುಂಡಗೆ, ಹಿಂದುಗಡೆ ರಾಕೆಟ್ ಮೂತಿ ಥರ. ಇದಕ್ಕೆ ಬುಲೆಟ್ ವೈಸ್ ಅಂತಾರೆ, ವಿಲ್ಟನ್ ಕಂಪನೀದು, ನಮ್ಮ ಶಿಕಾಗೋದೇ. ಹ್ಯೂ ವೋಗಲ್ ಅಂತ ಚೆಕ್ ದೇಶದಿಂದ ವಲಸೆ ಬಂದೋರು, 1941ರಲ್ಲಿ ಇಲ್ಲಿ ವಿಲ್ಟನ್ ಅವೆನ್ಯೂನಲ್ಲಿ ಶುರು ಮಾಡಿದ್ರು, ರಸ್ತೆ ಹೆಸರೇ ಕಂಪನಿ ಹೆಸರಾಯ್ತು. ಬೇರೆ ವೈಸ್‌ಗಳಲ್ಲಿ ಸ್ಪಿಂಡಲ್ ಕೆಳಗಡೆ ತೆರೆದೇ ಇರುತ್ತೆ, ಅರದ ಪುಡಿ, ಗ್ರೈಂಡಿಂಗ್ ಧೂಳು ಎಲ್ಲ ಗ್ರೀಸಿಗೆ ಮೆತ್ತಿಕೊಂಡು ಮರಳು ಕಾಗದ ಥರ ಆಗಿ ತ್ರೆಡ್ ತಿಂತಾ ಬರುತ್ತೆ. ಇದರಲ್ಲಿ ಸ್ಪಿಂಡಲ್ ಪೂರ್ತಿ ಕೊಳವೆ ಒಳಗೆ, ಧೂಳು ಹೋಗೋಕೆ ದಾರೀನೇ ಇಲ್ಲ, ಅದಕ್ಕೇ ಎಂಬತ್ತು ವರ್ಷದ ವೈಸೂ ಒಂದು ಬೆರಳಲ್ಲಿ ತಿರುಗುತ್ತೆ. ಬನ್ನಿ, ಯಾರಾದ್ರೂ ಮಕ್ಕಳು ಬಂದು ತಿರುಗಿಸಿ. ಬೆರಳು ಮಾತ್ರ ಮಧ್ಯ ಇಡ್ಬೇಡ ಪುಟ್ಟಾ.

ಈಗ ಇದಕ್ಕೆ ಎಷ್ಟು ವಯಸ್ಸು? ಜಾ ಪೂರ್ತಿ ಹಿಂದಕ್ಕೆ ಬಿಚ್ಚಿ, ಜಾರೋ ಕೊಳವೆ ಅಡಿ ಒಂದು ಉದ್ದ ತೋಡು ಇದೆ, ಕೀ ಕೂರೋ ಜಾಗ, ಅಲ್ಲಿ ಮೊಬೈಲ್ ಟಾರ್ಚ್ ಬಿಡಿ. ಓದಪ್ಪಾ ಜೋರಾಗಿ. ಗ್ಯಾರ್ ಎಕ್ಸ್‌ಪ್, 4-49. ಸರಿ, ಅಂದ್ರೆ 1949ರ ಏಪ್ರಿಲ್ ಅಲ್ವಾ? ಅಲ್ಲ. ಇಲ್ಲೇ ಮುಕ್ಕಾಲು ಜನ ಎಡವೋದು. ಅದು ಗ್ಯಾರಂಟಿ ಮುಗಿಯೋ ತಾರೀಖು. ಆಗ ಅವ್ರು ಐದು ವರ್ಷ ಗ್ಯಾರಂಟಿ ಕೊಡ್ತಿದ್ರು, ಅದನ್ನ ಕಬ್ಬಿಣದ ಮೇಲೇ ಕುಟ್ಟಿ ಕಳಿಸ್ತಿದ್ರು, ರಸೀದಿ ಕಳೆದುಹೋಯ್ತು ಅನ್ನೋ ಮಾತೇ ಇಲ್ಲ. ಐದು ಕಳೀರಿ, 1944. ಎರಡನೇ ಮಹಾಯುದ್ಧ ನಡೀತಿದ್ದಾಗಿನ ಮಾಲು ಇದು. ಇದೇ ಅಕ್ಷರಗಳನ್ನ ಓದಕ್ಕೆ ಬರದ ಒಬ್ಬ ಮಾರೋನು ನನಗೆ ಇದನ್ನ "ಐವತ್ತರ ದಶಕದ್ದು ಇರ್ಬೇಕು" ಅಂತ ಕೊಟ್ಟ, ನಾನೂ ಹೌದೌದು ಅಂತ ತಲೆ ಆಡಿಸಿ ತಗೊಂಡು ಬಂದೆ. ಪಕ್ಕದಲ್ಲಿ ಎರಕದ ಅಕ್ಷರದಲ್ಲಿ ಊರಿನ ಹೆಸರೂ ಇರುತ್ತೆ, ಶಿಕಾಗೋ ಅಂತ ಇದ್ರೆ ಹಳೇದು, ಶಿಲ್ಲರ್ ಪಾರ್ಕ್ ಅಂತ ಇದ್ರೆ ಐವತ್ತರ ದಶಕದ ಕೊನೇಲಿ ಕಂಪನಿ ಆ ಕಡೆ ಹೋದ್ಮೇಲಿಂದು. ನಮ್ಮಲ್ಲಿ ಎಷ್ಟೋ ಜನ ಓಹೇರ್ ಏರ್ಪೋರ್ಟಿಗೆ ಅಮ್ಮ ಅಪ್ಪನ್ನ ಕರ್ಕೊಂಡು ಬರೋಕೆ ಹೋಗುವಾಗ ಆ ಶಿಲ್ಲರ್ ಪಾರ್ಕ್ ದಾಟ್ಕೊಂಡೇ ಹೋಗ್ತೀರ.

ಇನ್ನೊಂದು ತಮಾಷೆ, ಇದೇ ವಿಲ್ಟನ್‌ನಲ್ಲಿ ಬೇಬಿ ಬುಲೆಟ್ ಅಂತ ಬರುತ್ತೆ, ಜಾ ಬರೀ 2 ಇಂಚು, ಅಂಗೈ ಮೇಲೆ ಕೂರುತ್ತೆ, ಅದಕ್ಕೆ ದೊಡ್ಡದಕ್ಕಿಂತ ಜಾಸ್ತಿ ರೇಟು. ಕೆಲ್ಸಕ್ಕೆ ಅಂತ ಕೊಳ್ಳೋರು ಆ ಕಡೆ ನೋಡ್ಲೇಬೇಡಿ, ಅದು ಶೋಕೇಸಿಗೆ.

ಬೇರೆ ಹೆಸರುಗಳು. ಎಲ್ಲಾ ಹೇಳ್ತಾ ಕೂತ್ರೆ ಊಟ ತಣ್ಣಗಾಗುತ್ತೆ. ಪೆನ್ಸಿಲ್ವೇನಿಯಾದ ಈರಿ ಊರಿನ ರೀಡ್, 1896ರ ಕಂಪನಿ, ಗಟ್ಟಿ ಮಾಲು, ಮಾಡೆಲ್ ನಂಬರಲ್ಲೇ ಸೈಜ್ ಹೇಳ್ಬಿಡುತ್ತೆ, 104½ ಅಂದ್ರೆ ಜಾ ಅಗಲ ನಾಲ್ಕೂವರೆ ಇಂಚು. ವೈಸ್ ಸೈಜ್ ಅಂದ್ರೆ ಯಾವಾಗ್ಲೂ ಜಾ ಅಗಲ, ಎಷ್ಟು ತೆರ್ಕೊಳ್ಳುತ್ತೆ ಅನ್ನೋದಲ್ಲ. ಕನೆಕ್ಟಿಕಟ್‌ನ ಮೆರಿಡನ್ ಊರಿನ ಚಾರ್ಲ್ಸ್ ಪಾರ್ಕರ್ ಇನ್ನೂ ಹಳೇದು, 1832ರಿಂದ, ಪಕ್ಕದಲ್ಲಿ ಹೆಸರು ಊರು ಎರಡೂ ಎರಕದಲ್ಲೇ ಇರುತ್ತೆ. ಪ್ರೆಂಟಿಸ್ ಬುಲ್‌ಡಾಗ್ ಅಂತ ಒಂದಿದೆ, ಅದರ ಮೇಲೆ ನಿಜವಾಗ್ಲೂ ನಾಯಿ ಚಿತ್ರ. ಕ್ಲೀವ್‌ಲ್ಯಾಂಡಿನ ಕೊಲಂಬಿಯನ್ ಎಲ್ಲಾ ಗರಾಜಲ್ಲೂ ಸಿಗುತ್ತೆ. ಸಿಯರ್ಸ್ ಅಂಗಡಿಯ ಕ್ರಾಫ್ಟ್ಸ್‌ಮನ್ ಅಂತ ಬರೆದಿದ್ರೆ ಅದನ್ನ ಮಾಡ್ದೋರು ಬೇರೆ, ಸಿಯರ್ಸ್ ಬರೀ ಹೆಸರು ಹಾಕಿ ಮಾರಿದ್ದು.

ಆದ್ರೆ ಒಂದು ಕಥೆ ಹೇಳ್ಲೇಬೇಕು, ಸ್ಟಾರೆಟ್ದು. ಮೆಕ್ಯಾನಿಕಲ್ ಓದಿದೋರಿಗೆ ಸ್ಟಾರೆಟ್ ಅಂದ್ರೆ ಮೈಕ್ರೋಮೀಟರ್, ಸ್ಕೇಲು. ಲರಾಯ್ ಸ್ಟಾರೆಟ್ ಅನ್ನೋರು ಮಾಂಸ ಕೊಚ್ಚೋ ಮಷೀನು ಕಂಡುಹಿಡಿದ್ರು, ಅದನ್ನ ಮಾಡೋಕೆ ಅಂತ ಮ್ಯಾಸಚುಸೆಟ್ಸ್‌ನ ಏಥಾಲ್ ಊರಲ್ಲಿ 1868ರಲ್ಲಿ ಏಥಾಲ್ ಮಷೀನ್ ಕಂಪನಿ ಹುಟ್ಟಿತು. ಆಮೇಲೆ ಅವ್ರೇ ಅಲ್ಲಿಂದ ಹೊರಗೆ ಬಂದು 1880ರಲ್ಲಿ ಸ್ವಂತ ಕಂಪನಿ ಕಟ್ಟಿದ್ರು, ಹಳೇ ಕಂಪನಿ ವೈಸ್ ಮಾಡ್ತಾ ಇತ್ತು, 1905ರಲ್ಲಿ ಸ್ಟಾರೆಟ್ ಹೋಗಿ ಆ ಕಂಪನೀನೇ ಕೊಂಡ್ಕೊಂಡ್ರು. ಹಾಗಾಗಿ ವೈಸ್ ಮೇಲೆ ಬರೀ ಏಥಾಲ್ ಮಷೀನ್ ಕಂಪನಿ ಅಂತ ಇದ್ಯಾ, ಜೊತೆಗೆ ಸ್ಟಾರೆಟ್ ಅಂತಾನೂ ಇದ್ಯಾ ನೋಡಿ, ಸ್ಟಾರೆಟ್ ಹೆಸರಿದ್ರೆ ಅದು 1905ಕ್ಕಿಂತ ಹಿಂದಿಂದು ಆಗೋಕೆ ಸಾಧ್ಯವಿಲ್ಲ. ಇಂಥಾ ಸಣ್ಣ ಸುಳಿವೇ ಈ ಹುಚ್ಚಿನ ಮಜಾ, ನಮ್ಮ ಕಡೆ ಶಾಸನ ಓದೋರು ಲಿಪಿ ನೋಡಿ ಕಾಲ ಹೇಳ್ತಾರಲ್ಲ, ಆ ಥರ.

ಇನ್ನೊಂದು ಸುಳಿವು. ಆನ್‌ಲೈನಲ್ಲಿ ಮಾರೋರು "1920ರ ಡಕ್ಟೈಲ್ ಐರನ್ ವೈಸ್" ಅಂತ ಬರೀತಾರೆ. ಡಕ್ಟೈಲ್ ಐರನ್ ಅನ್ನೋದನ್ನ ಕಂಡುಹಿಡಿದಿದ್ದೇ 1943ರಲ್ಲಿ, ಕೀತ್ ಮಿಲ್ಲಿಸ್ ಅನ್ನೋರು. ಸಾದಾ ಬೀಡು ಕಬ್ಬಿಣದಲ್ಲಿ ಇಂಗಾಲ ಚಕ್ಕೆ ಚಕ್ಕೆ ಆಗಿ ಕೂತಿರುತ್ತೆ, ಆ ಚಕ್ಕೆ ಅಂಚಲ್ಲೇ ಬಿರುಕು ಶುರುವಾಗಿ ಪಟ್ ಅಂತ ಒಡೆಯುತ್ತೆ, ಸ್ವಲ್ಪ ಮೆಗ್ನೀಸಿಯಮ್ ಹಾಕಿದ್ರೆ ಆ ಇಂಗಾಲ ಸಾಸಿವೆ ಕಾಳಿನ ಥರ ಗುಂಡಗಾಗಿ ಕಬ್ಬಿಣ ಒಡೆಯೋ ಬದ್ಲು ಬಾಗುತ್ತೆ. ಅಷ್ಟೇ ವ್ಯತ್ಯಾಸ, ಆದ್ರೆ ವೈಸ್ ಮಟ್ಟಿಗೆ ಆಕಾಶ ಭೂಮಿ. ಬಡಿದ್ರೂ ಗೊತ್ತಾಗುತ್ತೆ, ಡಕ್ಟೈಲ್ ಗಂಟೆ ಥರ ಟಣ್ಣನ್ನುತ್ತೆ, ಸಾದಾ ಬೀಡು ಮಂದವಾಗಿ ಡಣ್ ಅಂತ ಸುಮ್ಮನಾಗುತ್ತೆ. ಅಡೀಲಿ ಎಲ್ಲಾದ್ರೂ ಅರ ಹಾಕಿ ಬೆರಳಲ್ಲಿ ಉಜ್ಜಿದ್ರೆ ಬೀಡಿನ ಪುಡಿ ಪೆನ್ಸಿಲ್ ಸೀಸದ ಥರ ಕರೀ ಬಣ್ಣ ಹತ್ತುತ್ತೆ. ಮಾರೋರ ಮುಂದೆ ಅರ ಹಾಕ್ಬೇಡಿ ಮಾತ್ರ, ಹೊಡೀತಾರೆ.

ಈಗ ನನ್ನ ದುಡ್ಡು ಹೋದ ಕಥೆ. ಎರಡನೇ ವೈಸೋ ಮೂರನೇದೋ, ಆನ್‌ಲೈನಲ್ಲಿ ಫೋಟೋ ನೋಡಿದೆ, ಹೊಸದಾಗಿ ಹಸಿರು ಪೇಂಟು, ಪಳಪಳ ಅಂತಿದೆ, ಒಂದೂವರೆ ಗಂಟೆ ಡ್ರೈವ್ ಮಾಡ್ಕೊಂಡು ಹೋಗಿ 180 ಡಾಲರ್ ಕೊಟ್ಟು ತಂದೆ, ಬೋಲ್ಟ್ ಹಾಕಿ ಕೂರಿಸಿದೆ, ಒಂದು ಪೈಪ್ ಹಿಡಿಸಿ ಗಟ್ಟಿ ತಿರುವಿದೆ, ಟಿಕ್ ಅಂತ ಒಂದು ಸದ್ದು, ಫಿಕ್ಸೆಡ್ ಜಾ ಬುಡದಲ್ಲಿ ಪೇಂಟ್ ಕೂದಲೆಳೆ ಥರ ಸೀಳಿತು, ಕೆರೆದು ನೋಡಿದ್ರೆ ಒಳಗೆ ಹಳದಿ ಗೆರೆ. ಹಿತ್ತಾಳೆ. ಯಾವತ್ತೋ ಒಡೆದು ಹೋಗಿದ್ದನ್ನ ಬ್ರೇಜಿಂಗ್ ಮಾಡಿ, ಅಂದ್ರೆ ಹಿತ್ತಾಳೆ ಕರಗಿಸಿ ಬೆಸೆದು, ಮೇಲೆ ಪುಟ್ಟಿ ತುಂಬಿ, ಮೇಲೆ ಪೇಂಟ್. ಬ್ರೇಜಿಂಗ್ ತಪ್ಪು ಅಂತಲ್ಲ, ಚೆನ್ನಾಗಿ ಮಾಡಿದ್ರೆ ಎಷ್ಟೋ ವರ್ಷ ಬಾಳುತ್ತೆ, ಮಾರೋನು ಹೇಳಿದ್ರೆ ನಾನೇ 40 ಡಾಲರಿಗೆ ತಗೊಂಡಿರ್ತಿದ್ದೆ. ಹೇಳ್ಲಿಲ್ಲ. ಅವತ್ತಿಂದ ಹೊಸ ಪೇಂಟ್ ಕಂಡ್ರೆ ನನಗೆ ಮದುವೆ ಮನೇಲಿ ಹುಡುಗನ ಕಡೆಯೋರು ಜಾಸ್ತಿ ನಗ್ತಿದ್ದಾಗ ಬರೋ ಅನುಮಾನ ಬರುತ್ತೆ. ಅವತ್ತಿಂದಾನೇ ಜೇಬಲ್ಲಿ ಕಾಸಿನಷ್ಟು ದೊಡ್ಡ ಒಂದು ಮ್ಯಾಗ್ನೆಟ್ಟೂ ಇಟ್ಕೊಂಡಿರ್ತೀನಿ, ಬುಡದ ಸುತ್ತ ಆಡಿಸಿದ್ರೆ ಪುಟ್ಟಿ ದಪ್ಪ ಇರೋ ಕಡೆ, ಹಿತ್ತಾಳೆ ಅಗಲವಾಗಿರೋ ಕಡೆ ಹಿಡಿತ ಸಡಿಲ ಆಗುತ್ತೆ. ತುಕ್ಕು ಹಿಡಿದ ವೈಸೇ ವಾಸಿ, ಅದಕ್ಕೆ ಮುಚ್ಚಿಡೋಕೆ ಬರಲ್ಲ.

ಹೋದ ಕಡೆ ಏನು ಮಾಡ್ಬೇಕು ಅಂದ್ರೆ, ಮೂವಬಲ್ ಜಾ ಪೂರ್ತಿ ಈಚೆಗೆ ಎಳೆದು ಬಿಡ್ಸಿಬಿಡಿ, ಬಿಡ್ಸೋಕೆ ಬಿಡ್ಲಿಲ್ಲ ಅಂದ್ರೆ ಥ್ಯಾಂಕ್ಯೂ ಹೇಳಿ ವಾಪಸ್ ಬನ್ನಿ. ಬಿಚ್ಚಿದ್ಮೇಲೇನೇ ಬಡಿದು ಕೇಳೋಕಾಗೋದು, ಜೋಡಿಸಿದ್ದಾಗ ಸದ್ದು ಹೊರಗೆ ಬರಲ್ಲ. ಸ್ಪಿಂಡಲ್ ತ್ರೆಡ್ ನೋಡಿ, ಮಧ್ಯದ ತ್ರೆಡ್ ತುದೀದಕ್ಕಿಂತ ತೆಳ್ಳಗಾಗಿದ್ರೆ ಅದು ತುಂಬಾ ದುಡಿದಿದೆ. ಸ್ಪಿಂಡಲ್ ಸವೆದ್ರೂ ನಡೆಯುತ್ತೆ, ಬಾಕ್ಸ್ ನಟ್ ಹೋಗಿದ್ರೆ ಬೇಡ, ಹಳೇದಕ್ಕೆ ಇನ್ನೊಂದು ಸಿಗೋದು ಕಷ್ಟ, ಲೇತ್‌ನಲ್ಲಿ ಮಾಡ್ಸೋಕೆ ಹೋದ್ರೆ ವೈಸ್ ರೇಟಿಗಿಂತ ಜಾಸ್ತಿ. ಹ್ಯಾಂಡಲ್ ಬಾಳೆಕಾಯಿ ಥರ ಬಾಗಿದ್ರೆ ಯಾರೋ ಅದಕ್ಕೆ ಉದ್ದ ಪೈಪ್ ಸಿಕ್ಕಿಸಿ ತಿರುವಿದಾರೆ ಅಂತ ಅರ್ಥ, ಅಂಥದ್ರ ಬುಡ ಎರಡು ಸಲ ನೋಡಿ. ಜಾ ಮುಚ್ಚಿ ಬೆಳಕಿಗೆ ಹಿಡೀರಿ, ಮೇಲೆ ಕಚ್ಚಿ ಕೆಳಗೆ ಸ್ವಲ್ಪ ಬಿಟ್ಟಿದ್ರೆ ಪರ್ವಾಗಿಲ್ಲ, ಒಂದು ಪಕ್ಕ ಕಚ್ಚಿ ಇನ್ನೊಂದು ಪಕ್ಕ ಬಿಟ್ಟಿದ್ರೆ ಯಾವಾಗ್ಲೂ ಒಂದೇ ಮೂಲೇಲಿ ಕೆಲ್ಸ ಹಿಡಿಸಿ ತಿರುಚಿಟ್ಟಿದಾರೆ. ಬೋಲ್ಟ್ ಹಾಕೋ ಕಿವಿಗಳು ಮೂರೋ ನಾಲ್ಕೋ ಇರುತ್ತೆ, ಎಣಿಸಿ, ನಗ್ಬೇಡಿ, ಎಷ್ಟೋ ಸಲ ಒಂದು ಒಡೆದು ಹೋಗಿರುತ್ತೆ, ಫೋಟೋದಲ್ಲಿ ಆ ಕಡೆ ತೋರಿಸಿರಲ್ಲ.

ಸಿಗೋದೆಲ್ಲಿ? ಶುಕ್ರವಾರದ ಎಸ್ಟೇಟ್ ಸೇಲ್‌ಗಿಂತ ಭಾನುವಾರ ಮಧ್ಯಾಹ್ನದ್ದು ವಾಸಿ, ಡೀಲರ್‌ಗಳು ಹೋಗಿರ್ತಾರೆ, ವೈಸ್ ಇನ್ನೂ ಬೆಂಚಿಗೇ ಅಂಟ್ಕೊಂಡಿರುತ್ತೆ ಯಾಕಂದ್ರೆ ಬೋಲ್ಟ್ ತುಕ್ಕು ಹಿಡಿದು ಬಿಚ್ಚೋಕೆ ಯಾರಿಗೂ ಆಗಿರಲ್ಲ. ನಾನು ಒಂದು ಬ್ರೇಕರ್ ಬಾರ್, ಸಾಕೆಟ್ ಸೆಟ್, ಎಣ್ಣೆ ಡಬ್ಬಿ ಕಾರಲ್ಲೇ ಇಟ್ಕೊಂಡಿರ್ತೀನಿ. ಎರಡು ಸಲ ಬೆಂಚ್ ಸಮೇತ ತಂದಿದೀನಿ, ಅದು ಬೇರೆ ಜಗಳ. ಆ ಮನೇಲಿ ಯಾರಾದ್ರೂ ವಯಸ್ಸಾದ ಅಜ್ಜಿ ಇದ್ರೆ ಸ್ವಲ್ಪ ನಿಂತು ಕೇಳಿ, ಯಜಮಾನ್ರು ಯಾವ ಫ್ಯಾಕ್ಟರೀಲಿದ್ರು ಅಂತ. ರೇಟ್ ಇಳಿಸೋಕಲ್ಲ. ಒಬ್ಬರು ನನಗೆ ಗಂಡನ ಹ್ಯಾಕ್ಸಾ ಬ್ಲೇಡು, ಹಿಡಿದ ವಸ್ತುಗೆ ಗೀರು ಬೀಳದ ಹಾಗೆ ಜಾ ಮೇಲೆ ಹಾಕೋ ತಾಮ್ರದ ತಗಡು, ಒಂದು ಕಾಫಿ ಡಬ್ಬಿ ತುಂಬಾ ಅರಗಳು ಎಲ್ಲಾ ಸುಮ್ನೆ ಕೊಟ್ಟು ಕಳಿಸಿದ್ರು.

ತುಕ್ಕು ತೆಗೆಯೋದು ಸಸಾರ, ಒಂದೇ ಎಚ್ಚರಿಕೆ. ಹಳೇ ಪೇಂಟಲ್ಲಿ ಸೀಸ ಇರುತ್ತೆ, ಇಲ್ಲಿ ಮನೆ ಪೇಂಟಲ್ಲಿ ಅದನ್ನ ನಿಲ್ಲಿಸಿದ್ದೇ 1978ರಲ್ಲಿ, ವೈರ್ ಬ್ರಷ್ ಹಾಕಿ ಧೂಳೆಬ್ಬಿಸಿದ್ರೆ ಅದು ನೇರ ಮಕ್ಕಳ ಶ್ವಾಸಕ್ಕೆ. ನಾನು ಪ್ಲಾಸ್ಟಿಕ್ ಟಬ್ಬಲ್ಲಿ ನೀರು, ಗ್ಯಾಲನ್ನಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, ಕಾರ್ ಬ್ಯಾಟರಿ ಚಾರ್ಜರ್ ಮೈನಸ್ ವೈಸಿಗೆ, ಪ್ಲಸ್ ಒಂದು ಗುಜರಿ ಕಬ್ಬಿಣದ ತಗಡಿಗೆ, ರಾತ್ರಿಯಿಡೀ ಗುಳುಗುಳು ಅಂತಿರುತ್ತೆ, ಬೆಳಗ್ಗೆ ತುಕ್ಕು ಕರೀ ಕೆಸರಾಗಿ ಉದುರುತ್ತೆ. ಅಡಿಗೆಮನೆಯಿಂದ ಸ್ಟೈನ್‌ಲೆಸ್ ಸ್ಟೀಲ್ ಚಮಚ ತಂದು ಪ್ಲಸ್ಸಿಗೆ ಕಟ್ಬೇಡಿ, ಅದರಲ್ಲಿರೋ ಕ್ರೋಮಿಯಂ ವಿಷವಾಗಿ ನೀರಿಗೆ ಬರುತ್ತೆ. ಬರೋ ಗುಳ್ಳೆ ಹೈಡ್ರೋಜನ್, ಅದಕ್ಕೇ ಮುಚ್ಚಿದ ಗರಾಜಲ್ಲಿ ಬೇಡ, ಹೊರಗೆ.

ಮೂರು ವರ್ಷದ ಹಿಂದೆ ಅಪ್ಪ ಬಂದಿದ್ರು. ಜೆಟ್‌ಲ್ಯಾಗ್, ಬೆಳಗ್ಗೆ ನಾಲ್ಕು ಗಂಟೆಗೆ ಗರಾಜಲ್ಲಿ ಲೈಟ್ ಉರೀತಿದೆ ಅಂತ ಇಳಿದು ಹೋದ್ರೆ ಸ್ವೆಟರ್ ಹಾಕ್ಕೊಂಡು ಈ ವೈಸಿನ ಮುಂದೆ ನಿಂತಿದಾರೆ, ಮೂವಬಲ್ ಜಾ ಆಗ್ಲೇ ಬಿಚ್ಚಿ ಬೆಂಚ್ ಮೇಲಿಟ್ಟಿದಾರೆ, ಕೈಯಲ್ಲಿ ನನ್ನ ಸಣ್ಣ ಸುತ್ತಿಗೆ. ಟಣ್. ಇನ್ನೊಂದು ಸಲ ಟಣ್. ಪಕ್ಕದ ಮನೆ ನಾಯಿ ಬೊಗಳ್ತು. "ಎರಕ ಚೆನ್ನಾಗಿದೆ ಕಣೋ, ಎಷ್ಟು ಕೊಟ್ಟೆ?" ಅಂದ್ರು. ನಾನು ನಲವತ್ತು ಡಾಲರ್ ಅಂದೆ. ಅಪ್ಪ ಮನಸ್ಸಲ್ಲೇ ರೂಪಾಯಿಗೆ ಗುಣಿಸಿ, ಆದ್ರೂ ಜಾಸ್ತಿ ಆಯ್ತು ಅಂದು ಜಾ ವಾಪಸ್ ಸೇರಿಸಿದ್ರು. ಪ್ರಶ್ನೆ ಇದ್ರೆ ಕೇಳಿ, ನಿಜವಾದ ರೇಟ್ ಒಂದು ಬಿಟ್ಟು, ಯಾಕಂದ್ರೆ ನಮ್ಮ ಮನೆಯೋರು ಎರಡನೇ ಸಾಲಲ್ಲೇ ಕೂತಿದಾರೆ.