ಮುನ್ನೂರು ರೂಪಾಯಿಯ ಆಟ

ಕೇಳುಗರಿಗೆ ನಮಸ್ಕಾರ. ದಾವಣಗೆರೆಯ ಮಂಡಕ್ಕಿ ಭಟ್ಟಿಯವರು ಒಂದು ಚೀಲ ಹೆಚ್ಚು ಮಾರಬೇಕಾದರೆ ಅಷ್ಟು ಭತ್ತ, ಅಷ್ಟು ಉರುವಲು, ಅಷ್ಟು ಕೂಲಿ ಹೆಚ್ಚು ಬೇಕು. ಇದೇ ಊರಿನ ಇಬ್ಬರು ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಎರಡು ವರ್ಷ ಕುಳಿತು ಒಂದು ಕಂಪ್ಯೂಟರ್ ಆಟ ಕಟ್ಟಿದರು ಎನ್ನಿ. ಮೊದಲ ಪ್ರತಿಗೆ ಎರಡು ವರ್ಷದ ದುಡಿಮೆ ಹಿಡಿಯಿತು. ಎರಡನೆಯ ಪ್ರತಿಗೆ ಕಾಸಿನ ಖರ್ಚಿಲ್ಲ. ಹಾಗಾದರೆ ಅದರ ಬೆಲೆ ಎಷ್ಟು?

ಅಗ್ಗವಾಗಿಟ್ಟರೆ ಜನ ಮುಗಿಬೀಳುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಸ್ಟೀಮ್ ಎಂಬ ಆನ್‌ಲೈನ್ ಮಳಿಗೆಯಲ್ಲಿ ಆಟದ ಬೆಲೆ 300 ರೂಪಾಯಿ. ಅದರೊಳಗಿನ ಶೇಕಡಾ 18 ಜಿಎಸ್‌ಟಿ ಕಳೆದರೆ 254. ಅದರಲ್ಲಿ ಮಳಿಗೆಯ ಪಾಲು ಶೇಕಡಾ 30. ಕೈಗೆ ಬರುವುದು ಸುಮಾರು 178 ರೂಪಾಯಿ. ಬೆಲೆಯನ್ನು ಅರ್ಧಕ್ಕಿಳಿಸಿದರೆ 89. ಮೊದಲಿನಷ್ಟೇ ಗಳಿಸಲು ಕೊಳ್ಳುವವರು ಇಮ್ಮಡಿಯಾಗಬೇಕು. ಆಟದ ಹೆಸರನ್ನೇ ಕೇಳದವನು 150ಕ್ಕೂ ಕೊಳ್ಳುವುದಿಲ್ಲ. ಪುಕ್ಕಟೆ ಕೊಟ್ಟರೂ ಅವನಿಗೆ ಬೇಡ!

2009ರ ಅಕ್ಟೋಬರಿನಲ್ಲಿ ‘ವರ್ಲ್ಡ್ ಆಫ್ ಗೂ’ ಆಟದವರು ಒಂದು ಸಾಹಸ ಮಾಡಿದರು. 20 ಡಾಲರಿನ ಆಟವನ್ನು, ಬಿಡುಗಡೆಯಾಗಿ ವರ್ಷ ತುಂಬಿದಾಗ, ಮನಸ್ಸಿಗೆ ಬಂದಷ್ಟು ಕೊಟ್ಟು ಕೊಳ್ಳಿ ಎಂದರು. ಒಂದೇ ವಾರದಲ್ಲಿ ಸುಮಾರು 57 ಸಾವಿರ ಜನ ಕೊಂಡರು. ಸರಾಸರಿ ಎರಡು ಡಾಲರ್ ಚಿಲ್ಲರೆ. ಒಂದು ಸೆಂಟ್ ಕೊಟ್ಟವರ ಗುಂಪೇ ಎಲ್ಲಕ್ಕಿಂತ ದೊಡ್ಡದು, ಆ ಸೆಂಟ್ ಹಣ ಸಾಗಿಸುವ ಶುಲ್ಕಕ್ಕೂ ಸಾಲದು. ಆದರೂ ಅದು ನಷ್ಟವಲ್ಲ ಎಂಬುದು ನನ್ನ ಎಣಿಕೆ. ಪೂರ್ಣ ಬೆಲೆ ತೆರುವ ಮನಸ್ಸಿದ್ದವರಲ್ಲಿ ಬಹುಮಂದಿ ಅಷ್ಟರಲ್ಲಿ ಕೊಂಡಾಗಿತ್ತು. ಅದೇ ಕೊಡುಗೆಯನ್ನು ಮೊದಲ ದಿನವೇ ಇಟ್ಟಿದ್ದರೆ ಕಥೆ ಬೇರೆ. ರಿಯಾಯಿತಿಗೂ ಹೊತ್ತು ಗೊತ್ತು ಇರಬೇಕು. ತಿಂಗಳಿಗೊಮ್ಮೆ ಇಳಿಸುವ ಆಟವನ್ನು ಯಾರೂ ಪೂರ್ಣ ಬೆಲೆಗೆ ಮುಟ್ಟುವುದಿಲ್ಲ.

ಡಾಲರ್ ಬೆಲೆಯನ್ನು ಇದ್ದಹಾಗೆ ರೂಪಾಯಿಗೆ ತಿರುಗಿಸುವುದೂ ಸಲ್ಲದು. 15 ಡಾಲರ್ ಎಂದರೆ ಸಾವಿರದ ಇನ್ನೂರು ರೂಪಾಯಿ ದಾಟುತ್ತದೆ. ನಮ್ಮ ಹಾಸ್ಟೆಲಿನ ಹುಡುಗ ಅಷ್ಟು ಕೊಡುವುದು ಕಷ್ಟ. ರೂಪಾಯಿ ಬೆಲೆಯನ್ನು ಬೇರೆಯಾಗಿ ಇಡಲು ಸ್ಟೀಮ್‌ನಲ್ಲಿ ಅವಕಾಶವಿದೆ.

ಇನ್ನೊಂದು ತೊಡಕು. ಕೊಂಡ 14 ದಿನಗಳೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಅಲ್ಲಿ ಹಣ ವಾಪಸ್ ಕೇಳಬಹುದು. ಕೊಳ್ಳುವವರಿಗೆ ಇದು ನ್ಯಾಯವೇ. ಆದರೆ ಒಂದೂವರೆ ಗಂಟೆಯಲ್ಲಿ ಮುಗಿಯುವ ಪುಟ್ಟ ಆಟವನ್ನು ಕೊನೆಯವರೆಗೂ ಆಡಿ ಹಿಂದಿರುಗಿಸಬಹುದಲ್ಲ! ಅಂಥ ಆಟ ಕಟ್ಟುವವರು ಇಚ್.ಐಓ ತಾಣವನ್ನು ನೋಡಲಿ. ಅಲ್ಲಿ ತಾಣದ ಪಾಲೆಷ್ಟು ಎಂದು ಮಾರುವವರೇ ನಿಗದಿ ಮಾಡುತ್ತಾರೆ, ಮೆಚ್ಚಿದವರು ಇಟ್ಟ ಬೆಲೆಗಿಂತ ಹೆಚ್ಚನ್ನೂ ಕೊಡಬಹುದು.